ನಾನೂರ ಹನ್ನೆರಡನೆಯ ಹೆಸರು

ನಮ್ಮ ಮನೆಯಲ್ಲಿ ಇತಿಹಾಸಕಾರ್ತಿಯ ಹುದ್ದೆಗೆ ಯಾರೂ ಕೈ ಎತ್ತುವುದಿಲ್ಲ. ಅಧ್ಯಕ್ಷೆಯಾಗಲು ಪೈಪೋಟಿ, ಹಾಡಿನ ತಂಡಕ್ಕೆ ಪೈಪೋಟಿ, ಟೀ ಶರ್ಟಿನ ಬಣ್ಣ ಆರಿಸುವ ಸಮಿತಿಗೂ ಪೈಪೋಟಿ. ಇತಿಹಾಸಕಾರ್ತಿ ಎಂದ ಕೂಡಲೇ ನಲವತ್ತಾರು ಹುಡುಗಿಯರೂ ಫೋನ್ ತೆಗೆದು ಏನೋ ಓದತೊಡಗುತ್ತಾರೆ. ಆ ಚುನಾವಣೆಯ ದಿನ ನಾನು ಬುದ್ಧಿಹಲ್ಲು ಕೀಳಿಸಿಕೊಳ್ಳಲು ಹೋಗಿದ್ದೆ. ಕೆನ್ನೆ ಊದಿಸಿಕೊಂಡು ವಾಪಸ್ ಬರುವಷ್ಟರಲ್ಲಿ ಅವಿರೋಧವಾಗಿ ಆಯ್ಕೆಯಾಗಿದ್ದೆ.

ನಮ್ಮದು ಆಲ್ಫಾ ಥೀಟಾ ರೋ. ಪ್ಲ್ಯಾಟ್ ನದಿಯ ಪಕ್ಕದ ನಮ್ಮ ಸಣ್ಣ ಕಾಲೇಜಿನಲ್ಲಿ ಹುಡುಗಿಯರು ಒಂದೇ ಮನೆಯಲ್ಲಿ ಕೂಡಿ ಇರುವ ಸಂಘಗಳು, ಅಂದರೆ ಸೊರೊರಿಟಿಗಳು, ಮೂರಿವೆ; ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು. ಬಣ್ಣ ನೀಲಿ ಮತ್ತು ಬಿಳಿ, ಹೂವು ಅಗಸೆ, ಗುರುತು ಲಾಟೀನು. ಎದೆಗೆ ಚುಚ್ಚಿಕೊಳ್ಳುವ ಪಿನ್ನೂ ಹೆಬ್ಬೆರಳ ಉಗುರಿನಷ್ಟು ಪುಟ್ಟ ಬೆಳ್ಳಿಯ ಲಾಟೀನೇ. ಹೊಸದಾಗಿ ಬಂದ ಹುಡುಗಿ ದೀಕ್ಷೆಯ ತನಕ ಎದೆಗೆ ರಿಬ್ಬನ್ ಕಟ್ಟಿಕೊಂಡಿರುತ್ತಾಳೆ, ಮನೆಯ ಹಳಬರಲ್ಲಿ ಒಬ್ಬಳು ಅವಳಿಗೆ ಅಕ್ಕನಾಗಿರುತ್ತಾಳೆ. ಮಾರ್ಚ್ ತಿಂಗಳ ದೀಕ್ಷೆಯ ಭಾನುವಾರ ತಂಗಿಗೆ ಪಿನ್ ಚುಚ್ಚುವವಳು ಆ ಅಕ್ಕನೇ. ಪಿನ್ ಹಾಕಿಸಿಕೊಂಡ ಹುಡುಗಿ ದೊಡ್ಡ ದಾಖಲೆ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಸಹಿ ಹಾಕುತ್ತಾಳೆ. ಹೆಸರುಗಳನ್ನು ಮೊದಲೇ ಚೆಂದದ ಅಕ್ಷರದಲ್ಲಿ ಬರೆದಿಡುವುದು ಇತಿಹಾಸಕಾರ್ತಿಯ ಕೆಲಸ.

ಕಳೆದ ವರ್ಷ ಆ ಪುಸ್ತಕದ ಬಗ್ಗೆ ಮನೆಯಲ್ಲಿ ಗದ್ದಲವೋ ಗದ್ದಲ. ಹನ್ನೆರಡು ಹೊಸ ಹುಡುಗಿಯರಲ್ಲಿ ಒಬ್ಬಳು ಸಾವಿರದ ಐನೂರನೆಯವಳಾಗಲಿದ್ದಳು. ಚೀಟಿ ಎತ್ತಿದಾಗ ಅದು ಟೇಟಮ್ ಎಂಬ ಹುಡುಗಿಗೆ ಬಂತು. ಅವಳು ಊಟದ ಮನೆಯಲ್ಲಿ ಕುರ್ಚಿ ಹತ್ತಿ ಕುಣಿದಳು. "ಲೇ ಮಾರೆನ್, ನಂಬರ್ ಸರಿ ಇದೆಯಾ ಅಂತ ಮೊದಲಿಂದ ಎಣಿಸಿಬಿಡೇ. ಆಮೇಲೆ ತಪ್ಪಿದೆ ಅಂದ್ರೆ ಇವಳು ನಮ್ಮನ್ನ ಜೀವಸಹಿತ ಬಿಡಲ್ಲ" ಎಂದಳು ಅಧ್ಯಕ್ಷೆ ಬ್ರಿಸೀಡಾ, ನಮ್ಮೆಲ್ಲರ ಬ್ರಿ. ಹಾಗಾಗಿ ಒಂದು ಮಂಗಳವಾರ ಮಧ್ಯಾಹ್ನ ಪುಸ್ತಕ ಮಡಿಲಲ್ಲಿಟ್ಟುಕೊಂಡು ಒಂದರಿಂದ ಎಣಿಸಲು ಕೂತೆ.

ನಾನೂರ ಹನ್ನೊಂದರ ನಂತರ ನಾನೂರ ಹನ್ನೆರಡು ಇತ್ತು. ಆದರೆ ಅಲ್ಲಿ ಹೆಸರಿರಲಿಲ್ಲ. ಯಾರೋ ಬ್ಲೇಡಿನಿಂದ ಕಾಗದವನ್ನು ಕೆರೆದುಬಿಟ್ಟಿದ್ದರು. ಕಿಟಕಿಯ ಬೆಳಕಿಗೆ ಹಿಡಿದರೆ ಆ ಜಾಗ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಕಾಣುತ್ತಿತ್ತು. ವರ್ಷ ಸಾವಿರದ ಒಂಬೈನೂರ ಐವತ್ತೇಳು.

ದಾಖಲೆ ಪುಸ್ತಕ ಇಡುವ ಬೀರುವಿನಲ್ಲೇ ಆ ವರ್ಷದ ಸಭೆಗಳ ಮಿನಿಟ್ಸ್ ಇತ್ತು. ಮಾರ್ಚ್ ತಿಂಗಳ ಪುಟಕ್ಕೆ ಒಂದು ತಂತಿ ಸಂದೇಶ ಅಂಟಿಸಿದ್ದರು. ಊರೂರಲ್ಲಿ ಶಾಖೆಗಳಿರುವ ನಮ್ಮ ಸಂಘದ ಕೇಂದ್ರ ಕಚೇರಿಯಿಂದ ಬಂದದ್ದು. "ಮಿಸ್ ಹಿರಾನೊ ನಮ್ಮ ಸಂಘಕ್ಕೆ ಒಗ್ಗುವವರಲ್ಲ. ದೀಕ್ಷೆ ನಿಲ್ಲಿಸಿ. ತಪ್ಪಿದರೆ ಶಾಖೆಯ ಮಾನ್ಯತೆ ರದ್ದು." ಅದರ ಕೆಳಗೆ ಅಂದಿನ ಕಾರ್ಯದರ್ಶಿ ದುಂಡಗಿನ ಅಕ್ಷರದಲ್ಲಿ ಮೂರೇ ಸಾಲು ಬರೆದಿದ್ದಳು: "ತಂತಿಯನ್ನು ಓದಲಾಯಿತು. ಮಿಸ್ ಮಿಚಿ ಹಿರಾನೊ ಅವರಿಂದ ರಿಬ್ಬನ್ ವಾಪಸ್ ಪಡೆಯಲಾಯಿತು. ಮಿಸ್ ವಿನಿಫ್ರೆಡ್ ಡ್ವೊರಾಚೆಕ್ ತಮ್ಮ ಪಿನ್ನನ್ನು ಮೇಜಿನ ಮೇಲಿಟ್ಟು ಸಭೆಯಿಂದ ಎದ್ದುಹೋದರು."

ನಾನು ಮೆಟ್ಟಿಲು ಹಾರಿಕೊಂಡು ಬ್ರಿಯ ಕೋಣೆಗೆ ಓಡಿದೆ. ಅವಳು ಎರಡು ಸಲ ಓದಿದಳು. ಹಿರಾನೊ ಎಂಬ ಜಪಾನಿ ಹೆಸರೇ ಕಾರಣವೆಂದು ಇಬ್ಬರಿಗೂ ಹೊಳೆದಿತ್ತು. ಮೂರನೆಯ ಸಲ ಓದುವಾಗ ಎದ್ದು ನಿಂತಿದ್ದಳು.

"ಇವರು ಬದುಕಿದ್ದಾರೇನೇ?"

"ಇದ್ದರೆ ಎಂಬತ್ತಾರು, ಎಂಬತ್ತೇಳು."

"ಹಾಗಾದ್ರೆ ಯಾಕೆ ನಿಂತಿದೀಯ? ಹುಡುಕು."

ಎರಡು ಗಂಟೆ ಹಿಡಿಯಿತು. ಸ್ಕಾಟ್ಸ್‌ಬ್ಲಫ್‌ನ ಪತ್ರಿಕೆಯಲ್ಲಿ ಹ್ಯಾರಿ ಹಿರಾನೊ ಎಂಬ ಬೀಟ್‌ರೂಟ್ ರೈತರ ನಿಧನ ವಾರ್ತೆ ಸಿಕ್ಕಿತು. ಕೊನೆಯ ಸಾಲಿನಲ್ಲಿ, "ತಂಗಿ ಮಿಚಿ ಸಕುರಾಡ, ನಿವೃತ್ತ ರಸಾಯನಶಾಸ್ತ್ರ ಶಿಕ್ಷಕಿ, ಗೇರಿಂಗ್ ಊರು." ನಂಬರೂ ಸಿಕ್ಕಿತು, ಮನೆಯ ಹಳೆಯ ದೂರವಾಣಿಯದು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಬ್ರಿ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಫೋನ್ ಹಚ್ಚಿದಳು. ಸುತ್ತ ಒಂಬತ್ತು ಹುಡುಗಿಯರು ನಿಂತಿದ್ದೆವು. ಒಬ್ಬಳ ಕೈಯಲ್ಲಿ ಬೆಣ್ಣೆ ಸವರಿದ ಬ್ರೆಡ್ಡು ಹಾಗೆಯೇ ಇತ್ತು.

"ಹಲೋ, ಮಿಸೆಸ್ ಸಕುರಾಡ ಅವರಾ?"

"ಮೊದಲೇ ಹೇಳಿಬಿಡ್ತೀನಮ್ಮ, ಏನಾದ್ರೂ ಮಾರೋಕೆ ಫೋನ್ ಮಾಡಿದ್ರೆ, ನನಗೆ ಹೊಸ ಕಿಟಕಿ ಬೇಡ. ಇರೋ ಕಿಟಕಿ ಚೆನ್ನಾಗಿದೆ."

"ಕಿಟಕಿ ಅಲ್ಲ ಮೇಡಂ. ನಾನು ಆಲ್ಫಾ ಥೀಟಾ ರೋ ಮನೆಯಿಂದ ಮಾತಾಡ್ತಿದೀನಿ. ಇಲ್ಲಿನ ಅಧ್ಯಕ್ಷೆ."

ಆ ಕಡೆ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು.

"ಸ್ವಲ್ಪ ತಡ ಮಾಡಿದಿರಿ" ಎಂದಿತು ಆ ಧ್ವನಿ.

ಬ್ರಿ ಏನೇನೋ ಬರೆದಿಟ್ಟುಕೊಂಡಿದ್ದಳು. ಅದೆಲ್ಲ ಮರೆತುಹೋಗಿ, "ಹೌದು ಮೇಡಂ, ತುಂಬಾ ತಡ ಆಯ್ತು. ಈಗಲಾದ್ರೂ ಬರ್ತೀರಾ?" ಎಂದುಬಿಟ್ಟಳು.

ಮಿಚಿ ನಕ್ಕರು. ಕೆಮ್ಮು ಬರುವ ತನಕ ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: "ನನಗೆ ಆಸೆ ಇತ್ತು ಕಣಮ್ಮ. ಬಿಳಿ ಬಟ್ಟೆ ಹಾಕ್ಕೊಂಡು, ಲಾಟೀನು ಹಿಡ್ಕೊಂಡು, ಹಾಡು ಹೇಳ್ತಾ ಆ ಮೆಟ್ಟಿಲು ಇಳಿಯೋ ಆಸೆ. ನಮ್ಮಮ್ಮ ಬಟ್ಟೆ ಹೊಲಿದೂ ಕಳಿಸಿದ್ರು."

"ಆ ಬಟ್ಟೆ ಇದೆಯಾ ಮೇಡಂ?" ನಾನು ಬಾಯಿ ಹಾಕಿದೆ.

"ಎಲ್ಲಿದ್ದೀತು? ನನ್ನ ಮಗಳು ಅದನ್ನ ಹೈಸ್ಕೂಲ್ ಡಾನ್ಸಿಗೆ ಹಾಕ್ಕೊಂಡು ಹೋಗಿ ಮೈತುಂಬ ಸಾಸ್ ಚೆಲ್ಕೊಂಡು ಬಂದಳು. ಇರಲಿ. ಬರ್ತೀನಿ. ಆದ್ರೆ ಒಂದು ಮಾತು. ಆ ಮನೇಲಿ ನನಗೆ ಅಕ್ಕ ಆಗಿದ್ದೋಳು ವಿನಿಫ್ರೆಡ್, ನಮ್ಮ ವಿನ್ನಿ. ಪಿನ್ ಚುಚ್ಚಿದ್ರೆ ಅವಳೇ ಚುಚ್ಚಬೇಕು, ಬೇರೆ ಯಾರೂ ಅಲ್ಲ."

"ಅವರು... ಇದ್ದಾರಾ?"

"ಇಲ್ಲದೆ ಏನು? ಭಾನುವಾರ ಭಾನುವಾರ ಫೋನ್ ಮಾಡಿ ನನ್ನ ತಲೆ ತಿಂತಾಳೆ. ಇಬ್ರೂ ಆ ಮನೆ ಬಿಟ್ಟ ಮೇಲೆ ಹಾಸ್ಟೆಲ್ಲಿನಲ್ಲಿ ಎರಡು ವರ್ಷ ಒಂದೇ ಕೋಣೇಲಿದ್ವಿ. ಆದ್ರೆ ಅವಳು ಒಪ್ಪಲ್ಲ ಕಣಮ್ಮ. ನಾನು ಸಿಟ್ಟು ಬಿಟ್ಟು ಎಷ್ಟೋ ವರ್ಷ ಆಯ್ತು. ನನ್ನ ಪಾಲಿನ ಸಿಟ್ಟನ್ನೂ ಅವಳೇ ಇಟ್ಕೊಂಡಿದಾಳೆ."

ಶನಿವಾರ ಬ್ರಿ ಅವಳಪ್ಪನ ಪಿಕಪ್ ತಂದಳು. ಇಬ್ಬರೂ ವಿನ್ನಿ ಇರುವ ವಿಲ್ಬರ್ ಊರಿಗೆ ಹೊರಟೆವು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ನಾವೇ ಪ್ರಶ್ನೆ ಕೇಳಿಕೊಂಡು ನಾವೇ ಉತ್ತರ ಕೊಟ್ಟುಕೊಂಡೆವು.

ಬಾಗಿಲು ತೆರೆದದ್ದು ನಮ್ಮಿಬ್ಬರಿಗಿಂತಲೂ ಎತ್ತರದ, ಕೋಲಿನ ಹಾಗೆ ನೆಟ್ಟಗಿದ್ದ ಎಂಬತ್ತೆಂಟರ ಮುದುಕಿ. ಮುಂಗೈಗೆಲ್ಲ ಹಿಟ್ಟು ಮೆತ್ತಿತ್ತು. ಕೈ ಕುಲುಕಲು ಚಾಚಿದ ಬ್ರಿ ಒಮ್ಮೆಲೇ ಬೆಚ್ಚಿ ನನ್ನ ಕಡೆ ತಿರುಗಿದಳು. ವಿನ್ನಿ ಕೊಟ್ಟದ್ದು ನಮ್ಮ ಗುಟ್ಟಿನ ಹಸ್ತಲಾಘವ. ಬೆರಳು ಎಲ್ಲಿ ಮಡಿಸಬೇಕು, ಎಲ್ಲಿ ಒತ್ತಬೇಕು ಎಂಬುದು ಒಂದಿಷ್ಟೂ ತಪ್ಪಿರಲಿಲ್ಲ.

"ಪಿನ್ ವಾಪಸ್ ಕೊಟ್ಟೆ. ಕೈ ಕಲಿತದ್ದನ್ನ ವಾಪಸ್ ಕೊಡೋಕಾಗುತ್ತಾ?" ಎಂದರು ವಿನ್ನಿ. "ಒಳಗೆ ಬನ್ನಿ. ಕೊಲಾಚೆ ಒಲೇಲಿದೆ."

ಗಸಗಸೆ ತುಂಬಿದ ಬಿಸಿ ಬಿಸಿ ಕೊಲಾಚೆ ಬನ್ನು ತಟ್ಟೆಗೆ ಹಾಕಿ ಎದುರು ಕೂತರು. ಬ್ರಿ ವಿಷಯ ಹೇಳಿದಳು. ಎಲ್ಲ ಮುಗಿದ ಮೇಲೆ ವಿನ್ನಿ ಕೇಳಿದರು:

"ಊಟದ ಮನೆ ಗೋಡೆ ಮೇಲೆ ಸತ್ಯ, ಸ್ನೇಹ, ಸೇವೆ, ಧೈರ್ಯ ಅಂತ ನೀಲಿ ಬಣ್ಣದಲ್ಲಿ ಬರೆದಿತ್ತಲ್ಲ, ಇನ್ನೂ ಇದೆಯಾ?"

"ಇದೆ ಮೇಡಂ."

"ತಂತಿ ಓದಿದ ದಿನ ಅದರ ಕೆಳಗೇ ಮೂವತ್ತೆಂಟು ಜನ ಕೂತಿದ್ವಿ. ಆ ನಾಲ್ಕರಲ್ಲಿ ಒಂದೂ ಅವತ್ತು ಮನೇಲಿರಲಿಲ್ಲ. ಮಿಚಿ ಎದ್ದು ತಾನೇ ರಿಬ್ಬನ್ ಬಿಚ್ಚಿ, ಮಡಿಸಿ, ಥ್ಯಾಂಕ್ಸ್ ಹೇಳಿ ಕೊಟ್ಟಳು. ಥ್ಯಾಂಕ್ಸ್ ಹೇಳಿದ್ಲು ಕಣ್ರೇ. ಅದನ್ನ ನಾನು ಮರೆಯಲ್ಲ. ಈಗ ನೀವು ಬಂದು ಲಾಟೀನು ಹಚ್ತೀವಿ, ಕೇಕ್ ಕತ್ತರಿಸ್ತೀವಿ, ಫೋಟೋ ತೆಗೀತೀವಿ ಅಂತೀರಿ. ನನಗೆ ಬೇಡ."

ನಾನು ತಟ್ಟೆ ನೋಡುತ್ತ ಕೂತೆ. ಬ್ರಿ ಮಾತ್ರ ತಲೆ ತಗ್ಗಿಸಲಿಲ್ಲ.

"ಮೇಡಂ, ನಮ್ಮಪ್ಪ ವಲಸೆ ಬಂದೋರು, ಲೆಕ್ಸಿಂಗ್ಟನ್ನಿನಲ್ಲಿ ಮಾಂಸದ ಕಾರ್ಖಾನೇಲಿ ಕೆಲಸ ಮಾಡ್ತಾರೆ. ನನ್ನ ಹೆಸರು ಬ್ರಿಸೀಡಾ ಮೊಂಟೇಹೊ. ಆ ತಂತಿ ಕಳಿಸಿದವರು ನನ್ನನ್ನ ನೋಡಿದ್ರೆ ಇವಳೂ ಒಗ್ಗಲ್ಲ ಅಂತಿದ್ರು. ಈಗ ಆ ಮನೇಲಿ ಮೇಜಿನ ತಲೆಗೆ ಕೂರೋದು ನಾನು. ಕೇಕ್ ತಿನ್ನೋಕೆ ನಿಮ್ಮನ್ನ ಕರೀತಿಲ್ಲ. ನೀವಿಲ್ಲದೆ ಅವರಿಗೆ ಪಿನ್ ಹಾಕೋಕಾಗಲ್ಲ, ಅದಕ್ಕೆ ಕರೀತಿದೀನಿ."

ವಿನ್ನಿ ಅವಳನ್ನೇ ದಿಟ್ಟಿಸಿದರು. ಆಮೇಲೆ ಇನ್ನೊಂದು ಕೊಲಾಚೆ ತೆಗೆದು ಅವಳ ತಟ್ಟೆಗೆ ಹಾಕಿದರು.

"ಹಾಗಾದ್ರೆ ಆ ತಂತಿ ಓದು. ಬಾಗಿಲು ಹಾಕ್ಕೊಂಡಲ್ಲ. ಅಪ್ಪ ಅಮ್ಮ, ಅಣ್ಣ ತಮ್ಮ ಎಲ್ಲರೂ ಕೂತಿರುವಾಗ ಓದು. ಓದ್ತೀಯ ಅಂದ್ರೆ ಬರ್ತೀನಿ."

"ಓದ್ತೀನಿ."

ಪಿಕಪ್ ಹತ್ತಿ ಬಾಗಿಲು ಹಾಕಿಕೊಂಡದ್ದೇ ತಡ, ಇಬ್ಬರೂ ಸೀಟಿನ ಮೇಲೆ ಕುಪ್ಪಳಿಸಿದೆವು. ಬ್ರಿಯ ಮೊಣಕೈ ಹಾರನ್ನಿಗೆ ತಾಗಿ ಬೀದಿಯೆಲ್ಲ ಮೊಳಗಿತು. ಕಿಟಕಿಯಲ್ಲಿ ವಿನ್ನಿ ಪರದೆ ಸರಿಸಿ ನೋಡುತ್ತಿದ್ದರು.

ಇನ್ನು ಉಳಿದದ್ದು ಕೇಂದ್ರ ಕಚೇರಿ. ಇಂಡಿಯಾನಾಪೊಲಿಸ್‌ನಲ್ಲಿ ಮಿಸೆಸ್ ಪೆಂಡರ್‌ಗ್ರಾಸ್ ಎಂಬ ನಿರ್ದೇಶಕಿಯಿದ್ದರು. ಸೋಮವಾರ ಫೋನ್ ಮಾಡಿದಾಗ ಅವರಿಗೂ ಸಂಭ್ರಮವೇ. ಮಿಚಿಗೆ ದೀಕ್ಷೆ, ವಿನ್ನಿಗೆ ಸದಸ್ಯತ್ವ ವಾಪಸ್, ಎರಡಕ್ಕೂ ಆ ದಿನವೇ ಒಪ್ಪಿಗೆ ಸಿಕ್ಕಿತು. ತಂತಿಯ ಮಾತೆತ್ತಿದ ಕೂಡಲೇ ಧ್ವನಿ ಬದಲಾಯಿತು.

"ನೋಡಮ್ಮ, ಅದು ಬೇಡ. ಸಂತೋಷದ ದಿನ. ನಾವು ಅವರಿಗೆ ಖಾಸಗಿಯಾಗಿ ಒಂದು ಪತ್ರ ಬರೀತೀವಿ."

"ಆ ತಂತಿ ನಮ್ಮ ಮಿನಿಟ್ಸ್‌ನಲ್ಲಿ ಅಂಟಿಸಿರೋದು, ಮೇಡಂ" ಎಂದಳು ಬ್ರಿ, ಬಲು ಮೃದುವಾಗಿ. "ನಮ್ಮ ಹಳೇ ಮಿನಿಟ್ಸ್ ನಾವು ಓದೋಕೆ ಅಪ್ಪಣೆ ಬೇಕು ಅಂತ ನಿಯಮಾವಳಿಯಲ್ಲಿ ಎಲ್ಲೂ ಇಲ್ಲ. ನಮ್ಮ ಇತಿಹಾಸಕಾರ್ತಿ ಪೂರ್ತಿ ಓದಿದಾಳೆ."

ನಾನು ಓದಿರಲಿಲ್ಲ. ಫೋನಿಟ್ಟ ತಕ್ಷಣ ಕೂತು ಓದಿದೆ. ನಿಜಕ್ಕೂ ಎಲ್ಲೂ ಇರಲಿಲ್ಲ.

ಮಿಸೆಸ್ ಪೆಂಡರ್‌ಗ್ರಾಸ್ "ನೋಡ್ತೀನಿ" ಎಂದಷ್ಟೇ ಹೇಳಿದ್ದರು. ಆ ವಾರವೆಲ್ಲ ಸುದ್ದಿಯಿಲ್ಲ. ಮುಂದಿನ ವಾರವೂ ಗುರುವಾರದ ತನಕ ಇಲ್ಲ. ಮನೆಯಲ್ಲಂತೂ ಯಾರ ಕಾಲೂ ನೆಲದ ಮೇಲಿರಲಿಲ್ಲ. ಲಾಟೀನುಗಳ ಗಾಜು ಉಜ್ಜುವವರು ಉಜ್ಜಿದರು, ಬಿಳಿ ಬಟ್ಟೆಗೆ ಇಸ್ತ್ರಿ ಹಾಕುವವರು ಹಾಕಿದರು. ಮಾರ್ಚಿನಲ್ಲಿ ಅಗಸೆ ಹೂ ಎಲ್ಲಿಂದ ಬರಬೇಕು ಎಂದು ಒಬ್ಬಳು ಅತ್ತೂಬಿಟ್ಟಳು. ಪ್ರತಿ ವರ್ಷವೂ ಒಬ್ಬಳು ಅಳುತ್ತಾಳೆ, ಪ್ರತಿ ವರ್ಷವೂ ಬಟ್ಟೆಯ ಹೂವೇ ಬರುತ್ತದೆ. ಟೇಟಮ್ ತನ್ನ ಸಾವಿರದ ಐನೂರನೆಯ ಸ್ಥಾನವನ್ನು ಮಿಚಿಗೆ ಬಿಟ್ಟುಕೊಡುತ್ತೇನೆಂದು ಗೇರಿಂಗ್‌ಗೆ ಫೋನ್ ಮಾಡಿದಳು. "ಚೀಟಿ ಎತ್ತಿ ಗೆದ್ದೋಳು ನೀನು. ಕುಣಿದಾಡಿದ್ದು ನಂಗೂ ಗೊತ್ತಾಗಿದೆ. ಸುಮ್ನೆ ಇಟ್ಕೋ" ಎಂದು ಮಿಚಿಯಿಂದ ಗದರಿಸಿಕೊಂಡಳು.

ಶುಕ್ರವಾರ ಒಂದೇ ಸಾಲಿನ ಇಮೇಲ್ ಬಂತು. "ಭಾನುವಾರ ನಾನೇ ಬರುತ್ತಿದ್ದೇನೆ. ಪೆಂಡರ್‌ಗ್ರಾಸ್."

"ನಿಲ್ಲಿಸೋಕೇ ಬರ್ತಿದಾರೆ" ಎಂದೆ.

"ಬರಲಿ" ಎಂದಳು ಬ್ರಿ. "ಮಿನಿಟ್ಸ್ ಪುಸ್ತಕ ನನ್ನ ದಿಂಬಿನ ಕೆಳಗಿದೆ."

ಭಾನುವಾರ ಬೆಳಿಗ್ಗೆಯಿಂದಲೇ ನದಿಯ ಕಡೆಯಿಂದ ಕ್ರೌಂಚ ಪಕ್ಷಿಗಳು ಸಾಲುಸಾಲಾಗಿ ಕೂಗುತ್ತ ಹೊಲಗಳತ್ತ ಹಾರುತ್ತಿದ್ದವು. ಹನ್ನೊಂದು ಗಂಟೆಗೆ ಮಿಚಿಯ ಕಾರು ಬಂತು. ಮಗಳು ಎಲೀನ್ ಕೈಹಿಡಿದು ಇಳಿಸಿದಳು. ಕುಳ್ಳಗೆ, ದುಂಡಗೆ, ಅಚ್ಚ ಬಿಳಿಯ ಪ್ಯಾಂಟು ಕೋಟು, ಕಾಲಿಗೆ ಹೊಚ್ಚ ಹೊಸ ಬಿಳಿ ಕ್ಯಾನ್ವಾಸ್ ಶೂ. ಅದೇ ಹೊತ್ತಿಗೆ ವಿನ್ನಿಯನ್ನು ಅವರ ಅಣ್ಣನ ಮಗ ತಂದು ಇಳಿಸಿದ. ಇಬ್ಬರೂ ನಾಲ್ಕು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ದಪ್ಪ ಆಗಿದೀಯ" ಎಂದರು ವಿನ್ನಿ.

"ಕಣ್ಣು ಕಾಣಲ್ಲ ಅಂತಿದ್ದೆ, ಇದು ಹೇಗೆ ಕಾಣಿಸ್ತು?" ಎಂದರು ಮಿಚಿ. ಆಮೇಲೆ ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ನಿಂತುಬಿಟ್ಟರು.

ಎಲ್ಲರಿಗಿಂತ ಕೊನೆಗೆ ಮಿಸೆಸ್ ಪೆಂಡರ್‌ಗ್ರಾಸ್ ಬಂದರು. ಓಮಾಹಾ ವಿಮಾನ ನಿಲ್ದಾಣದಿಂದ ಬಾಡಿಗೆ ಕಾರು ಓಡಿಸಿಕೊಂಡು ಬಂದಿದ್ದರು. ಐವತ್ತರ ಆಚೀಚಿನ ಹೆಂಗಸು, ಮುಖ ಸಪ್ಪಗಿತ್ತು. ಹಜಾರದ ತುಂಬ ಹುಡುಗಿಯರ ಮನೆಮಂದಿ. ಬ್ರಿ ಎದ್ದು ಮಿನಿಟ್ಸ್ ಪುಸ್ತಕ ಬಿಡಿಸಿದಳು. ಆಗ ಮಿಸೆಸ್ ಪೆಂಡರ್‌ಗ್ರಾಸ್ ಕುರ್ಚಿಯಿಂದ ಎದ್ದು ಮುಂದೆ ಬಂದರು. ಬ್ರಿ ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಳು.

"ಕೊಡಮ್ಮ" ಎಂದರು ಅವರು. "ಅದು ಬಂದದ್ದು ನಮ್ಮ ಆಫೀಸಿನಿಂದ. ನಾನೇ ಓದಬೇಕು."

ಓದಿದರು. ಪ್ರತಿ ಪದವನ್ನೂ ಬಿಡಿಬಿಡಿಯಾಗಿ, ಕೊನೆಯ ಸಾಲಿನವರೆಗೂ ಕೇಳುವಂತೆ. "ಒಗ್ಗುವವರಲ್ಲ" ಎಂಬಲ್ಲಿ ನಿಲ್ಲಿಸಿ, ಮತ್ತೆ ಅದೇ ಪದದಿಂದ ಶುರುಮಾಡಿದರು. ಓದಿ ಮುಗಿಸಿ, ಮಿಚಿಯ ಮುಂದೆ ಹೋಗಿ, "ಇದು ತಪ್ಪು. ಆಗಲೂ ತಪ್ಪೇ ಆಗಿತ್ತು. ನನ್ನನ್ನ ಕ್ಷಮಿಸಿ ಅನ್ನಲ್ಲ, ನಾನು ಆಗ ಹುಟ್ಟಿರಲಿಲ್ಲ. ನಮ್ಮ ಸಂಘವನ್ನ ಕ್ಷಮಿಸಿ ಅಂತ ಕೇಳ್ತೀನಿ" ಎಂದರು.

"ನಾನು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದೋಳು. ತಪ್ಪು ಲೆಕ್ಕ ಮಾಡಿದೋರು ತಾವೇ ಬೋರ್ಡಿಗೆ ಬಂದು ಸರಿ ಮಾಡಿದ್ರೆ ನಾನು ಪೂರ್ತಿ ಮಾರ್ಕು ಕೊಡ್ತಿದ್ದೆ" ಎಂದರು ಮಿಚಿ. ಆಮೇಲೆ ಪಕ್ಕಕ್ಕೆ ತಿರುಗಿ, "ವಿನ್ನಿ, ಈಗ ಸಾಕಲ್ಲ?"

ವಿನ್ನಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. "ಸಾಕು" ಎಂದರು.

ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿದ ಮೇಲೆ ನಡೆದದ್ದನ್ನು ಹೇಳುವಂತಿಲ್ಲ, ಪ್ರಮಾಣ ಮಾಡಿದ್ದೇನೆ. ಒಂದು ಕಡೆ ನಾವೆಲ್ಲ ತಡವರಿಸಿದಾಗ ಮರೆತ ಸಾಲನ್ನು ಎತ್ತಿಕೊಟ್ಟದ್ದು ವಿನ್ನಿ ಎಂದಷ್ಟು ಹೇಳಬಹುದು.

ಆಮೇಲೆ ಮೆಟ್ಟಿಲು. ಹದಿನೆಂಟು ಮೆಟ್ಟಿಲು. ಹನ್ನೆರಡು ಹುಡುಗಿಯರು ಲಾಟೀನು ಹಿಡಿದು ಹಾಡುತ್ತ ಇಳಿದರು. ಕೊನೆಗೆ ಮಿಚಿ. ಮಂಡಿ ಸರಿಯಿಲ್ಲದ್ದರಿಂದ ಅಡ್ಡಕ್ಕೆ ತಿರುಗಿ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಲಾಟೀನು, ಒಂದೊಂದು ಮೆಟ್ಟಿಲಿಗೂ ಎರಡು ಕಾಲೂ ಊರಿ ಇಳಿದರು. ಎಲೀನ್ ಹಿಡಿಯಲು ಹೋದರೆ, "ದೂರ ಇರು" ಎಂದು ಗದರಿದರು. ನಮ್ಮ ಹಾಡು ಮೂರೇ ನುಡಿಯದು. ಅವರು ಅರ್ಧ ಇಳಿಯುವಷ್ಟರಲ್ಲಿ ಮುಗಿಯಿತು. ಯಾರೂ ಹೇಳದೆಯೇ ಮತ್ತೆ ಮೊದಲಿಂದ ಎತ್ತಿಕೊಂಡೆವು. ಎರಡನೆಯ ಸಲಕ್ಕೆ ಅಪ್ಪಂದಿರಿಗೂ ಬಾಯಿಪಾಠವಾಗಿತ್ತು, ಮೂರನೆಯ ಸಲ ಹಜಾರವೆಲ್ಲ ಹಾಡುತ್ತಿತ್ತು. ಮಿಚಿ ಕೊನೆಯ ಮೆಟ್ಟಿಲಿಗೆ ಬರುವಾಗ ನಾವು ನಾಲ್ಕನೆಯ ಸಲ ಹಾಡುತ್ತಿದ್ದೆವು. ಎಲ್ಲರಿಗಿಂತ ಜೋರಾದ ದನಿ ಅವರದೇ. ಶ್ರುತಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಕೆಳಗೆ ವಿನ್ನಿ ಪಿನ್ ಹಿಡಿದು ಕಾಯುತ್ತಿದ್ದರು. ಪಿನ್ ಎರಡು ಸಲ ಜಾರಿತು.

"ಅಲ್ಲಾಡಬೇಡ ಕಣೇ."

"ನಾನೆಲ್ಲಿ ಅಲ್ಲಾಡ್ತಿದೀನಿ? ನಿನ್ನ ಕೈ ಅಲ್ಲಾಡ್ತಿರೋದು."

ಮೂರನೆಯ ಸಲ ಕೂತಿತು. ಮನೆ ಸಿಡಿದುಹೋಗುವಂತೆ ಚಪ್ಪಾಳೆ ಬಿತ್ತು. ಬ್ರಿ ಮೇಕಪ್ಪೆಲ್ಲ ಇಳಿದು ಕೆನ್ನೆಯ ಮೇಲೆ ಕಪ್ಪು ಗೆರೆ ಎಳೆದುಕೊಂಡು ನಿಂತಿದ್ದಳು.

ದಾಖಲೆ ಪುಸ್ತಕ ಬಿಡಿಸಿ, "ನಿಮ್ಮ ಹಳೇ ಜಾಗ ನಾನೂರ ಹನ್ನೆರಡು, ಮೇಡಂ. ಅಲ್ಲೇ ಬರೀತೀರಾ?" ಎಂದು ಕೇಳಿದೆ. ಮಿಚಿ ಆ ಕೆರೆದ ಜಾಗದ ಮೇಲೆ ಬೆರಳಾಡಿಸಿದರು.

"ಇದು ಹೀಗೇ ಇರಲಿ. ಎಣಿಸೋಕೆ ಕೂತೋರು ಇಲ್ಲಿ ಎಡವಲಿ, ನಿನ್ನ ಹಾಗೆ. ನನ್ನ ಹೆಸರು ಇವತ್ತಿನ ಹುಡುಗೀರ ಜೊತೆ ಬರಿ." ಹದಿಮೂರನೆಯವರಾಗಿ ಸಹಿ ಹಾಕಿದರು. ಮೇಷ್ಟ್ರ ಅಕ್ಷರ, ಗೆರೆ ಎಳೆದ ಹಾಗೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಮಿಚಿ ಹಾಗೆ ಅಂದುಕೊಂಡಿರಲಿಲ್ಲ. ಸೋಮವಾರದ ಸಭೆಗಳಿಗೆ ಕಂಪ್ಯೂಟರಿನಲ್ಲಿ ಹಾಜರಾಗತೊಡಗಿದರು. ಟೀ ಶರ್ಟಿನ ಬಣ್ಣದ ಸಮಿತಿಗೆ ಸೇರಿ ಎರಡು ವಾರ ಜಗಳವಾಡಿ ಗೆದ್ದರು. ಈ ಜನವರಿಯಲ್ಲಿ ಹೊಸ ಹುಡುಗಿಯರು ಆಯ್ಕೆಪತ್ರ ಹಿಡಿದು ಹಿಮದಲ್ಲಿ ಮನೆಯ ಕಡೆ ಓಡಿಬರುವ ದಿನ, ಅಂಗಳದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ದಪ್ಪ ಕೋಟಿನ ಮೇಲೆಯೇ ಆ ಟೀ ಶರ್ಟು ಎಳೆದುಕೊಂಡು ಕೂತಿದ್ದರು. ತಂಗಿ ಬೇಕೆನ್ನುವವರ ಪಟ್ಟಿಯಲ್ಲಿ ಅವರ ಹೆಸರು ಎಲ್ಲರಿಗಿಂತ ಮೇಲಿತ್ತು. ಪಾಲಿಗೆ ಬಂದವಳು ಒಡಾಲಿಸ್ ಎಂಬ ಹದಿನೆಂಟರ ಹುಡುಗಿ, ರಸಾಯನಶಾಸ್ತ್ರದಲ್ಲಿ ಆಗಲೇ ಒಂದು ಪರೀಕ್ಷೆ ಡುಮ್ಕಿ ಹೊಡೆದಿದ್ದಳು.

ಈಗ ಪ್ರತಿ ಬುಧವಾರ ಸಂಜೆ ಊಟದ ಮನೆಯಲ್ಲಿ ಅವಳು ಪುಸ್ತಕ ಹರವಿಕೊಂಡು ಕೂರುತ್ತಾಳೆ. ಫೋನಿನಿಂದ ಗೇರಿಂಗ್‌ನ ಧ್ವನಿ ಮನೆಯೆಲ್ಲ ಕೇಳುತ್ತದೆ.

"ಸಮೀಕರಣ ಸರಿದೂಗಿಸೋಕೆ ಬರಲ್ವಾ? ನನ್ನ ತಂಗಿಯಾಗಿ ಹೀಗಂತೀಯಲ್ಲ, ವಿನ್ನಿಗೆ ಗೊತ್ತಾದ್ರೆ ನನ್ನ ಮಾನ ಏನಾಗಬೇಕು? ಪೆನ್ಸಿಲ್ ತಗೋ. ಮೊದಲಿಂದ ಮಾಡು."